ನಲ್ಲಿ ಎಷ್ಟು ಹೆಜ್ಜೆ ದೂರ?

(ಚಾಮರಾಜನಗರದಲ್ಲಿ ಗಿರಣಿ ಕೆಲಸಗಾರರ ಮುಂದೆಯೂ ಗುಂಡ್ಲುಪೇಟೆಯಲ್ಲಿ ಚಿಲ್ಲರೆ ವರ್ತಕರ ಮುಂದೆಯೂ ಆಡಿದ ಮಾತುಗಳು)



ಕೂಲಿಯ ಮಾತು, ಬೋನಸ್ಸಿನ ಮಾತು ನಮ್ಮಲ್ಲಿ ಇದ್ದದ್ದೇ. ಇವತ್ತು ನೀರಿನ ನಲ್ಲಿಯ ಮಾತಾಡುತ್ತೇನೆ. ನಗಬೇಡಿ. ನನ್ನ ಹತ್ತಿರ ಓದಿದ ಹುಡುಗನೊಬ್ಬ ನೂಲು ತೊಳೆಯುವ ಕೆಲಸಕ್ಕೆ ಸೇರಿದ್ದ. ಕಾಸ್ಟಿಕ್ ಸೋಡಾ ಕರಗಿಸುವಾಗ ಕಣ್ಣಿಗೆ ಸಿಡಿಯಿತು. ನಲ್ಲಿ ಅಂಗಳದಾಚೆ. ಕಣ್ಣು ಮುಚ್ಚಿ ಗೋಡೆ ತಡವಿಕೊಂಡು ಹೋಗುವಷ್ಟರಲ್ಲಿ ಆಗಬಾರದ್ದು ಆಗಿಹೋಗಿತ್ತು. "ಅವನದೇ ಅಜಾಗರೂಕತೆ" ಎಂದು ಮಾಲೀಕರು ಕೈತೊಳೆದುಕೊಂಡರು. ತೊಳೆಯಲು ಅವರಿಗೆ ಮಾತ್ರ ನೀರು ಹತ್ತಿರವಿತ್ತು!

ರೇಷ್ಮೆ ನಮ್ಮ ಸೀಮೆಗೆ ಹೊಸದಲ್ಲ. ಕಚ್ಚಾ ರೇಷ್ಮೆಯ ತೂಕದಲ್ಲಿ ಹೆಚ್ಚುಕಡಿಮೆ ಕಾಲುಪಾಲು ಅಂಟು. ಅದನ್ನು ಬಿಡಿಸುವುದು ಸಾಬೂನು, ಸೋಡಾಖಾರದ ನೀರಿನಲ್ಲಿ ಕುದಿಸಿ. ಕಾಸ್ಟಿಕ್ ಜೋರಾದರೆ ಎಳೆಯೇ ಕರಗಿಹೋಗುತ್ತದೆಂದು ಅಲ್ಲಿ ಎಲ್ಲರಿಗೂ ಭಯ. ಹತ್ತಿ ಅದನ್ನು ತಡೆದುಕೊಳ್ಳುತ್ತದೆ, ರೇಷ್ಮೆ ತಡೆಯದು. ಏಕೆಂದರೆ ರೇಷ್ಮೆ ಪ್ರೋಟೀನು. ನಮ್ಮ ಚರ್ಮವೂ ಅಷ್ಟೇ. ಎಳೆಯ ಮೇಲಿರುವ ಈ ಕಾಳಜಿ ಅದನ್ನು ಹಿಡಿದ ಕೈಯ ಮೇಲೆ ಏಕಿಲ್ಲ?

ಆಸಿಡ್ ಬಿದ್ದರೆ ಕೂಡಲೇ ಉರಿಯುತ್ತದೆ, ಕೈ ಎಳೆದುಕೊಳ್ಳುತ್ತೇವೆ. ಕಾಸ್ಟಿಕ್ ಮೋಸಗಾರ. ಮೊದಲು ಸಾಬೂನಿನಂತೆ ಜಾರುತ್ತದೆ, ಅಷ್ಟೇ. ಜಾರುತ್ತಿರುವುದು ನಿಮ್ಮ ಚರ್ಮದ ಕೊಬ್ಬು, ಅದೇ ಸಾಬೂನಾಗುತ್ತಿದೆ. ನೋವು ತಿಳಿಯುವ ಹೊತ್ತಿಗೆ ಅದು ಒಳಗಿಳಿದಿರುತ್ತದೆ.

ಸುಣ್ಣದ ಕಲ್ಲಿಗೆ ನೀರು ಹಾಕಿದಾಗ ಕೊತಕೊತನೆ ಕುದಿಯುವುದನ್ನು ಎಲ್ಲರೂ ಕಂಡಿದ್ದೀರಿ. ಕಾಸ್ಟಿಕ್ಕೂ ಹಾಗೆಯೇ ಕಾಯುತ್ತದೆ. ಆದ್ದರಿಂದ ತಣ್ಣೀರಿಗೆ ಸೋಡಾವನ್ನು ಸ್ವಲ್ಪಸ್ವಲ್ಪವೇ ಹಾಕಬೇಕು. ಸೋಡಾದ ಮೇಲೆ ನೀರು ಸುರಿಯಕೂಡದು. ಅಲ್ಯುಮಿನಿಯಂ ಪಾತ್ರೆ ಬೇಡವೇ ಬೇಡ: ಪಾತ್ರೆ ಕರಗಿ, ಬೆಂಕಿ ಹತ್ತುವ ಜಲಜನಕ ಅನಿಲ ಏಳುತ್ತದೆ. ರಬ್ಬರ್ ಕೈಚೀಲ, ಕಣ್ಣನ್ನು ಪೂರಾ ಮುಚ್ಚುವ ಕನ್ನಡಕ ಬೇಕು. ಅದರ ದುಡ್ಡು ಕೂಲಿಯಲ್ಲಿ ಮುರಿಯಲು ಒಪ್ಪಬೇಡಿ.

ಮೈಮೇಲೆ ಬಿತ್ತೋ, ಬಟ್ಟೆ ಕಿತ್ತೆಸೆದು ಹರಿಯುವ ನೀರಿಗೆ ಒಡ್ಡಿ. ಗಡಿಯಾರ ನೋಡಿಕೊಂಡು 20 ನಿಮಿಷ. ಕಣ್ಣಾದರೆ ರೆಪ್ಪೆ ಬಿಡಿಸಿ ಹಿಡಿದು ಅರ್ಧ ಗಂಟೆ. ನಿಂಬೆಹುಳಿ, ಹುಣಸೆನೀರು, ಎಣ್ಣೆ ಯಾವುದೂ ಕೂಡದು. ಆಸ್ಪತ್ರೆಗೆ ಹೋಗಲೇಬೇಕು, ಆದರೆ ತೊಳೆದ ಮೇಲೆ. ಬಸ್ಸು ಕಾಯುವ ಹೊತ್ತಿನಲ್ಲಿ ಕಣ್ಣು ಉಳಿಯುವುದಿಲ್ಲ.

ಅಪಾಯದ ವಿಷಯ ತಿಳಿಯುವ ಹಕ್ಕು ನಮಗಿದೆ. ಭೋಪಾಲದ ದುರಂತ 1984ರಲ್ಲಿ ನಡೆದ ಮೇಲೆ, 1987ರ ತಿದ್ದುಪಡಿಯಿಂದ, 1948ರ ಫ್ಯಾಕ್ಟರಿ ಕಾಯಿದೆಗೆ ಅದು ಸೇರಿತು. ಆ ಕಾಯಿದೆಯ ಜಾಗಕ್ಕೆ 2025ರಲ್ಲಿ ಬಂದ ಹೊಸ ಸಂಹಿತೆಯಲ್ಲೂ ಆ ಹಕ್ಕು ಉಳಿದಿದೆ. ಕೇಳುವವರು ಬೇಕು.

ಇನ್ನು ಅಂಗಡಿಯ ಅಣ್ಣಂದಿರಿಗೆ. ಗಿರಾಕಿ ಶರಬತ್ತಿನ ಖಾಲಿ ಸೀಸೆ ತಂದು ಆಸಿಡ್ಡೋ ಕಾಸ್ಟಿಕ್ ನೀರೋ ಕೇಳಿದರೆ ಅಳೆದು ಸುರಿಯಬೇಡಿ. ಮನೆಯಲ್ಲಿ ಮಗುವಿಗೆ ಅದು ಶರಬತ್ತೇ. ಕುಡಿದುಬಿಟ್ಟರೆ ವಾಂತಿ ಮಾಡಿಸಕೂಡದು. ಇಳಿಯುವಾಗ ಸುಟ್ಟದ್ದು ಏರುವಾಗ ಮತ್ತೊಮ್ಮೆ ಸುಡುತ್ತದೆ. ಬಾಯಿ ತೊಳೆಸಿ ಆಸ್ಪತ್ರೆಗೆ ಓಡಿ. ಆಸಿಡ್ ಮಾರುವವರು ಕೊಳ್ಳುವವನ ಗುರುತು ನೋಡಿ ಪುಸ್ತಕದಲ್ಲಿ ಬರೆದಿಡಬೇಕು, 18 ತುಂಬದವರಿಗೆ ಕೊಡಕೂಡದು ಎಂದು 2013ರ ಜುಲೈಯಲ್ಲಿ ಸುಪ್ರೀಂ ಕೋರ್ಟು ಆಜ್ಞೆ ಮಾಡಿದೆ. ಒಂದು ಸಾಲು ಬರೆಯಲು ಎಷ್ಟು ಹೊತ್ತು ಬೇಕು?

ಕೆಲಸಗಾರರಿಗೆ, ಹಳೆಯ ಮೇಷ್ಟರ ಚಾಳಿ, ಒಂದು ಮನೆಪಾಠ. ತೊಟ್ಟಿಯಿಂದ ನೀರಿಗೆ 10 ಸೆಕೆಂಡಿನೊಳಗೆ ತಲುಪುವಂತಿರಬೇಕೆಂಬುದು ತಿಳಿದವರ ಲೆಕ್ಕ. ನಾಳೆ ಪಾಳಿಗೆ ಹೋದಾಗ ನಡುವೆ ಎಷ್ಟು ಹೆಜ್ಜೆ, ಎಷ್ಟು ಬಾಗಿಲು ಎಂದು ಎಣಿಸಿ ಚೀಟಿಯಲ್ಲಿ ಬರೆದು ತನ್ನಿ. ಆ ಚೀಟಿಗಳನ್ನೆಲ್ಲ ಸೇರಿಸಿಕೊಂಡೇ ಮಾಲೀಕರ ಹತ್ತಿರ ಹೋಗೋಣ.