ದೋಸೆಯ ಬಿಲ್ಲು ಕೊಟ್ಟವರು ಯಾರು?

ಅಮೆರಿಕದ ನ್ಯೂಜೆರ್ಸಿಯ ಐಸೆಲಿನ್‌ನಲ್ಲಿ ಓಕ್ ಟ್ರೀ ರೋಡ್ ಎಂಬ ಬೀದಿಯಿದೆ. ಸೀರೆ, ಚಿನ್ನ, ಮಿಠಾಯಿ, ದಿನಸಿಯ ಭಾರತೀಯ ಅಂಗಡಿಗಳು ಪಕ್ಕದ ಎಡಿಸನ್‌ವರೆಗೂ ಹಬ್ಬಿವೆ. ಇಂಥ ಬೀದಿಗೆ ಒಂದು ಕಾಲಕ್ಕೆ ಬಾಯಿಮಾತೇ ಜಾಹೀರಾತು. ಈಗ ಮಸಾಲೆದೋಸೆ ಮೇಜಿಗೆ ಬಂದರೆ ಮೊದಲ ನೈವೇದ್ಯ ಫೋನಿಗೆ. ದೋಸೆ ಮೆತ್ತಗಾದ ಮೇಲೆ ನಮಗೆ!

ಹೀಗೆ ರೀಲ್ಸ್ ಮಾಡುವುದು ತಪ್ಪೆಂದಲ್ಲ, ಸಣ್ಣ ಅಂಗಡಿಗೆ ಅದು ಅಗ್ಗದ ಪ್ರಚಾರ. ಆದರೆ ಪುಕ್ಕಟೆ ಉಂಡು 'ಅದ್ಭುತ' ಎಂದವರು ಆ ಋಣವನ್ನೂ ಹೇಳಬೇಡವೇ? ಹಣವಿರಲಿ, ಉಚಿತ ವಸ್ತುವಿರಲಿ, ಪಡೆದದ್ದನ್ನು ನೋಡುಗರಿಗೆ ಸ್ಪಷ್ಟವಾಗಿ ತಿಳಿಸಿ ಎನ್ನುತ್ತದೆ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್. ಸುಳ್ಳು ವಿಮರ್ಶೆ ಮಾರುವುದಕ್ಕೂ ಕೊಳ್ಳುವುದಕ್ಕೂ 2024ರ ಅಕ್ಟೋಬರ್‌ನಿಂದ ಅಲ್ಲಿ ನಿಷೇಧವಿದೆ. ಭಾರತದ ಜಾಹೀರಾತು ಮಾನದಂಡ ಮಂಡಳಿಯೂ 2021ರಲ್ಲೇ ಇನ್‌ಫ್ಲುಯೆನ್ಸರ್‌ಗಳಿಗೆ ಮಾರ್ಗಸೂಚಿ ಹೊರಡಿಸಿದೆ.

ಇವತ್ತು ಲೈಕ್ ಒತ್ತುವ ಮುನ್ನ, ಆ ಊಟದ ಬಿಲ್ಲು ಕೊಟ್ಟವರು ಯಾರೆಂದು ಒಮ್ಮೆ ನೋಡಿ.