ಒಂದಕ್ಕೆ ಹೋಗುವುದು ಹೆಚ್ಚಾದರೆ ಎಷ್ಟು ದಿನ ಕಾಯಬೇಕು?

(ಮಾರ್ಕೆಟ್ ಯಾರ್ಡ್‌ನಲ್ಲಿ ಸೇರಿದ ವೈದ್ಯಕೀಯ ನೆರವು ನಿಧಿಯ ಸಭೆಯಲ್ಲಿ ಆಡಿದ ಮಾತುಗಳು)



ವಿಷಯ ಹೇಳುತ್ತಲೇ ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ನಗಲಿ. ಹೀಗೆ ನಕ್ಕು ಬಿಟ್ಟುಬಿಡುವುದರಿಂದಲೇ ನಮ್ಮ ನಿಧಿಯ ಹಣ ಆಸ್ಪತ್ರೆಯ ಬಿಲ್ಲಿಗೆ ಹೋಗುತ್ತದೆ.

ಹೋದ ವರ್ಷ ಈ ನಿಧಿಯಿಂದ ನೆರವು ಪಡೆದ ಒಬ್ಬ ತಾಯಿಯ ಹೆಸರು ಹೇಳದೆ ಅವರ ಸಂಗತಿ ಹೇಳುತ್ತೇನೆ. ಕಲಬುರಗಿ ಕಡೆಯವರು, ಇಲ್ಲೇ ಉಳ್ಳಾಗಡ್ಡಿ ಆರಿಸುವ ಕೆಲಸ. ಗಂಟೆಗೊಮ್ಮೆ ಒಂದಕ್ಕೆ ಓಡಬೇಕು. ಹೋದರೆ ನಾಲ್ಕು ಹನಿ, ಜೊತೆಗೆ ಉರಿ. ‘ಉಷ್ಣ ಆಗೇದ’ ಎಂದು ಕೊತ್ತಂಬರಿ ಕಾಳಿನ ನೀರು ಕುಡಿದರು. ಕೆಲಸದ ನಡುವೆ ಏಳಬೇಕಾಗುತ್ತದೆಂದು ಹಗಲು ನೀರು ಕುಡಿಯುವುದನ್ನೇ ಬಿಟ್ಟರು. ಔಷಧಿ ಅಂಗಡಿಯಿಂದ ನಾಲ್ಕು ಗುಳಿಗೆ ತಂದು ಎರಡು ನುಂಗಿದರು. ಉರಿ ತಗ್ಗಿತು, ಉಳಿದೆರಡು ಸೆರಗಿನ ಗಂಟಿನಲ್ಲೇ ಉಳಿದವು. ಈ ನಡುವೆ ಮೊಣಕಾಲು ನೋವೆಂದು ನನ್ನ ಹತ್ತಿರವೂ ಬಂದಿದ್ದರು. ನಾನು ಮೊಣಕಾಲು ನೋಡಿ ಕಳಿಸಿದೆ. ಮತ್ತೇನು ತ್ರಾಸು ಎಂದು ನಾನು ಕೇಳಲಿಲ್ಲ. ಗಂಡಸು ಡಾಕ್ಟರ ಮುಂದೆ ಅವರು ಬಾಯಿ ಬಿಡಲಿಲ್ಲ.

ಮೂರನೆಯ ವಾರ ಚಳಿಜ್ವರ, ಬೆನ್ನಿನ ಪಕ್ಕೆಯಲ್ಲಿ ನೋವು, ವಾಂತಿ. ಸೋಂಕು ಮೂತ್ರಪಿಂಡಕ್ಕೆ ಏರಿತ್ತು. ಆಸ್ಪತ್ರೆಯಲ್ಲಿ ರಕ್ತ ನೋಡಿದರೆ ಸಕ್ಕರೆ 380. ತಮಗೆ ಸಕ್ಕರೆ ಕಾಯಿಲೆ ಇದೆ ಎಂದು ಅವರಿಗೆ ಗೊತ್ತಾದದ್ದೇ ಅವತ್ತು. ಒಂಬತ್ತು ದಿನ ಮಲಗಿದ್ದು ಎದ್ದು ಬಂದರು. ಈಗ ಮತ್ತೆ ಕೆಲಸಕ್ಕೆ ಹೋಗುತ್ತಾರೆ. ಆದರೆ ನಾನು ಮೊಣಕಾಲು ನೋಡಿದ ದಿನವೇ ಒಂದು ಮೂತ್ರ ಪರೀಕ್ಷೆ ಬರೆದಿದ್ದರೆ ಆ ಒಂಬತ್ತು ದಿನ ಬೇಕಾಗುತ್ತಿರಲಿಲ್ಲ ಎಂಬುದು ನನ್ನ ಮನಸ್ಸಿನಿಂದ ಹೋಗಿಲ್ಲ.

ಎಷ್ಟು ದಿನ ಇರುತ್ತದೆ ಎಂಬುದು ಕಾರಣದ ಮೇಲೆ ಹೋಗುತ್ತದೆ. ಹಗಲು ರಾತ್ರಿ ಸೇರಿ 6ರಿಂದ 8 ಸಲ ಹೋಗುವುದು ಸಾಮಾನ್ಯ. ನಸುಕಿನಲ್ಲಿ ಲಾರಿ ಇಳಿಸಲು ಬಂದ ಹಮಾಲಣ್ಣ ಮಧ್ಯಾಹ್ನದೊಳಗೆ ಹತ್ತು ಚಹಾ ಕುಡಿದು ಹತ್ತು ಸಲ ಹೋದರೆ ಅದು ಚಹಾದ ಲೆಕ್ಕ. ಚಹಾ ಇಳಿಸಿದರೆ ಒಂದೆರಡು ದಿನದಲ್ಲಿ ಅದೂ ಇಳಿಯುತ್ತದೆ. ರಕ್ತದೊತ್ತಡಕ್ಕೆ ಕೊಡುವ ಕೆಲವು ಗುಳಿಗೆಗಳು ಮೈಯ ನೀರು ಇಳಿಸುತ್ತವೆ. ಅವನ್ನು ತೆಗೆದುಕೊಳ್ಳುವಷ್ಟು ದಿನ ಹೀಗೇ. ಬೇಸತ್ತು ನೀವೇ ನಿಲ್ಲಿಸಬೇಡಿ. ಬಸುರಿಯರಿಗೆ ಮೊದಲ ತಿಂಗಳುಗಳಲ್ಲೂ ಕೊನೆಯ ತಿಂಗಳುಗಳಲ್ಲೂ ಇದು ಸಹಜ. ಆದರೆ ಉರಿ ಇದ್ದರೆ ಸಹಜವಲ್ಲ, ಅಂದೇ ತೋರಿಸಬೇಕು.

ಸ್ವಲ್ಪ ಸ್ವಲ್ಪವೇ, ಅವಸರ, ಉರಿ, ಕಿಬ್ಬೊಟ್ಟೆ ನೋವು ಇದ್ದರೆ ಹೆಚ್ಚಾಗಿ ಮೂತ್ರಕೋಶದ ಸೋಂಕು. ಸರಿಯಾದ ಔಷಧಿ ಬಿದ್ದರೆ 2–3 ದಿನಕ್ಕೆ ಹಗುರಾಗುತ್ತದೆ. 48 ಗಂಟೆಯಾದರೂ ಏನೂ ತಗ್ಗದಿದ್ದರೆ ಅದೇ ಡಾಕ್ಟರ ಬಳಿ ಮತ್ತೆ ಹೋಗಿ. ತಗ್ಗಿತೆಂದು ಗುಳಿಗೆ ಅರ್ಧಕ್ಕೆ ಬಿಟ್ಟರೆ ಸೋಂಕು ಮರಳಬಹುದು.

ಸಕ್ಕರೆ ಕಾಯಿಲೆಯ ರೀತಿಯೇ ಬೇರೆ. ಉರಿ ಇರಲೇಬೇಕೆಂದಿಲ್ಲ. ಪ್ರತಿ ಸಲವೂ ತುಂಬ ಹೋಗುತ್ತದೆ, ರಾತ್ರಿ ಎರಡು ಮೂರು ಸಲ ಎಬ್ಬಿಸುತ್ತದೆ, ಬಾಯಾರಿಕೆ ಹಿಂಗುವುದಿಲ್ಲ, ಮೈ ಇಳಿಯುತ್ತದೆ. ಇದು ತಾನಾಗಿ ನಿಲ್ಲುವಂಥದಲ್ಲ. ಉಚ್ಚೆಗೆ ಇರುವೆ ಮುತ್ತಿದರೆ ಸಕ್ಕರೆ ಕಾಯಿಲೆ ಎಂದು ಹಿರಿಯರು ಹೇಳುವುದುಂಟು. ಆದರೆ ಇರುವೆಗಾಗಿ ಕಾಯಬೇಡಿ. ರಕ್ತದಲ್ಲಿ ಸಕ್ಕರೆ ಸುಮಾರು 180 ದಾಟಿದ ಮೇಲೆಯೇ ಅದು ಮೂತ್ರಕ್ಕೆ ಇಳಿಯುವುದು. ಬರಿಹೊಟ್ಟೆಯ ರಕ್ತದಲ್ಲಿ 126 ಬಂದರೇ ಡಾಕ್ಟರು ಎಚ್ಚರವಾಗುತ್ತಾರೆ.

ಐವತ್ತು ದಾಟಿದ ಅಣ್ಣಂದಿರಿಗೆ ಧಾರೆ ಸಣ್ಣಗಾಗಿ, ಹೋಗಿ ಬಂದರೂ ಉಳಿದಂತೆ ಅನಿಸಿದರೆ ಪ್ರಾಸ್ಟೇಟ್ ಗ್ರಂಥಿ ದಪ್ಪಗಾಗಿರಬಹುದು. ವಯಸ್ಸಾಯಿತು ಎಂದು ಸುಮ್ಮನಿರಬೇಡಿ, ಔಷಧಿ ಇದೆ. ಬರುವಂತೆ ಅನಿಸಿ ಒಂದು ಹನಿಯೂ ಬಾರದೆ ಕಟ್ಟಿಕೊಂಡರೆ ಬೆಳಗಾಗುವವರೆಗೂ ಕೂರಬೇಡಿ, ರಾತ್ರಿಯೇ ಹೊರಡಿ. ಜ್ವರ, ಪಕ್ಕೆ ನೋವು, ವಾಂತಿ ಇದ್ದರೂ ಅಷ್ಟೆ. ಮೂತ್ರದಲ್ಲಿ ರಕ್ತ ಕಂಡರೆ, ನೋವಿಲ್ಲದಿದ್ದರೂ, ತೋರಿಸಲೇಬೇಕು. ಹಾಸಿಗೆ ಒದ್ದೆ ಮಾಡುವುದು ನಿಂತಿದ್ದ ಮಗು ಮತ್ತೆ ಮಾಡತೊಡಗಿ, ಸದಾ ನೀರು ಕೇಳುತ್ತಾ ಸೊರಗಿದರೆ ಅದೇ ದಿನ ಸಕ್ಕರೆ ನೋಡಿಸಿ. ಬರೀ ಉರಿಯಾದರೆ ಒಂದೆರಡು ದಿನ ಸಾಕು. ಉರಿಯಿಲ್ಲದೆ ಬರೀ ಹೆಚ್ಚಾಗಿದ್ದರೆ ಒಂದು ವಾರ, ಅದಕ್ಕಿಂತ ಬೇಡ.

ಇಲ್ಲಿನ ಡಾಕ್ಟರ ಮುಂದೆ ಮರಾಠಿ ಬಾರದೆ ‘ಹೊಟ್ಟೆ ನೋವು’ ಎಂದು ಮುಗಿಸಿ ಬರುವವರಿದ್ದಾರೆ. ಎರಡು ಮಾತು ಕಲಿತಿರಿ: ಲಘವಿ ಅಂದರೆ ಮೂತ್ರ, ಜಳಜಳ ಅಂದರೆ ಉರಿ. ಅವರು ‘ತಾಪ್’ ಇದೆಯೇ ಎಂದರೆ ಕೇಳುತ್ತಿರುವುದು ಜ್ವರವನ್ನು.

ಇನ್ನು ದಾನಿಗಳಲ್ಲಿ ಒಂದು ಮಾತು. ದಾಖಲಾಗುವ ಸ್ಥಿತಿ ಬಂದರೆ ಸಸೂನ್ ಇದೆ. ಮಹಾರಾಷ್ಟ್ರದಲ್ಲಿ ಧರ್ಮಾರ್ಥ ಟ್ರಸ್ಟ್ ಆಸ್ಪತ್ರೆಗಳು ನೂರಕ್ಕೆ 10 ಹಾಸಿಗೆ ಬಡವರಿಗೆ ಉಚಿತವಾಗಿ, ಇನ್ನು 10 ರಿಯಾಯಿತಿಯಲ್ಲಿ ಇಡಬೇಕೆಂಬ ನಿಯಮವಿದೆ. ಅದಕ್ಕೆ ರೇಷನ್ ಕಾರ್ಡ್, ಆದಾಯದ ದಾಖಲೆ ಸಿದ್ಧ ಮಾಡಿಕೊಡಲು ಸಂಘದ ಹುಡುಗರಿದ್ದಾರೆ. ಆದರೆ ಮೊದಲ ಪರೀಕ್ಷೆಯನ್ನು ಹೊರಗೆ ಮಾಡಿಸಿದರೆ ಹಣ ಬೇಕು. ಕೂಲಿಯಿಂದ ಅದನ್ನು ತೆಗೆಯಲು ಮನಸ್ಸಾಗದೆಯೇ ಜನ ಮೂರು ವಾರ ತಳ್ಳುತ್ತಾರೆ. ಈ ವರ್ಷ ನಿಧಿಗೆ ಬರುವುದರಲ್ಲಿ ಒಂದು ಪಾಲನ್ನು ಮೂತ್ರ ಮತ್ತು ಸಕ್ಕರೆ ಪರೀಕ್ಷೆಗೇ ಎತ್ತಿಡಬೇಕೆಂದು ಕೇಳುತ್ತೇನೆ. ತಾಯಂದಿರ ಮಾತು ಕೇಳಲು ಒಬ್ಬ ನರ್ಸಮ್ಮ ಕೂರಲೂ ಒಪ್ಪಿದ್ದಾರೆ.

ಬರುವ ರವಿವಾರದಿಂದ ಪರೀಕ್ಷೆಯ ಡಬ್ಬಿ ಸಂಘದ ಕಚೇರಿಯಲ್ಲೇ ಸಿಗುತ್ತದೆ. ಮೊದಲು ಸ್ವಲ್ಪ ಬಿಟ್ಟು ನಡುವಿನದನ್ನು ಹಿಡಿದು ತನ್ನಿ. ಯಾಕೆ ಬೇಕು ಎಂದು ಅಲ್ಲಿ ಯಾರೂ ಕೇಳುವುದಿಲ್ಲ.