ಕಾರಿನ ಒಡಲಿಗೊಂದು ಕೆಂಡ

ಪುಷ್ಯಮಾಸದ ಮುಂಜಾವದಲ್ಲಿ ಕಂಬಳಿ ಹೊದ್ದು, ಬಚ್ಚಲೊಲೆಯ ಮುಂದೆ ಕುಳಿತು, ‘ಅಬ್ಬಾ, ಏನು ಚಳಿ!’ ಎಂದು ಉದ್ಗರಿಸಿದವರಲ್ಲಿ ನಾನೂ ಒಬ್ಬ. ಆ ಮಾತನ್ನು ಎಷ್ಟು ಹಗುರವಾಗಿ ಆಡಿದ್ದೆನೆಂಬುದು ತಿಳಿದದ್ದು ಕೆನಡಾ ದೇಶದ ವಿನಿಪೆಗ್ ನಗರದಲ್ಲಿ ಸಂಸಾರ ಹೂಡಿದ ಮೇಲೆ. ಅಲ್ಲಿ ಜನವರಿಯ ಚಳಿ ಸೊನ್ನೆಗಿಂತ 30 ಡಿಗ್ರಿ ಕೆಳಗಿಳಿಯುವುದು ವಿಶೇಷವೇನಲ್ಲ. 1879ರ ಡಿಸೆಂಬರಿನಲ್ಲೊಮ್ಮೆ ಅದು 47.8 ಡಿಗ್ರಿ ಕೆಳಕ್ಕೆ ಇಳಿದಿತ್ತೆಂದು ದಾಖಲೆಯಿದೆ. ಪಾದರಸವೇ ಹೆಪ್ಪುಗಟ್ಟುವ ಚಳಿ ಅದು!

ಶ್ರೋತೃಮಿತ್ರರೇ, ಆ ಊರಿಗೆ ಹೊಸದಾಗಿ ಬಂದವರಿಗೆ ಮೊದಲು ವಿಚಿತ್ರವಾಗಿ ಕಾಣುವುದು ಕಾರುಗಳು. ಒಂದೊಂದರ ಮೂತಿಯಿಂದಲೂ ಒಂದು ವಿದ್ಯುತ್ ತಂತಿ ನಾಲಗೆಯಂತೆ ಜೋತಾಡುತ್ತಿರುತ್ತದೆ. ಕತ್ತಲಾದರೆ ದನವನ್ನು ಗೂಟಕ್ಕೆ ಕಟ್ಟುವ ಹಾಗೆ ಅದನ್ನು ಗೋಡೆಯ ಸಾಕೆಟ್ಟಿಗೆ ಸಿಕ್ಕಿಸುತ್ತಾರೆ. ನಾನು ಕೊಂಡ ಹಳೆಯ ಕಾರು ವ್ಯಾಂಕೂವರಿನದು. ಆ ಕಡಲತೀರದ ಚಳಿ ಸೌಮ್ಯವಾದದ್ದು. ಆದ್ದರಿಂದ ನನ್ನ ಕಾರಿಗೆ ತಂತಿ ಇರಲಿಲ್ಲ. ಅದೊಂದು ಕೊರತೆಯೆಂದು ನನಗೆ ತೋರಲೂ ಇಲ್ಲ.

2004ರ ಜನವರಿಯ ಒಂದು ನಡುರಾತ್ರಿ, ಎರಡು ವರ್ಷದ ನಮ್ಮ ಮಗಳಿಗೆ ಉಸಿರಾಡುವುದೇ ಕಷ್ಟವಾಯಿತು. ಅವಳನ್ನು ಶಾಲಿನಲ್ಲಿ ಸುತ್ತಿ ಎತ್ತಿಕೊಂಡು ಓಡಿ, ಕಾರಿನ ಕೀಲಿ ತಿರುಗಿಸಿದೆ. ಎಂಜಿನ್ನು ಒಮ್ಮೆ ನರಳಿತು. ಎರಡನೆಯ ಸಲ ಆ ನರಳಿಕೆಯೂ ಕ್ಷೀಣಿಸಿತು. ಮೂರನೆಯ ಸಲ ‘ಟಕ್’ ಎಂಬ ಒಂದು ಸದ್ದು ಬಿಟ್ಟರೆ ಬೇರೇನೂ ಇಲ್ಲ. ಆಂಬ್ಯುಲೆನ್ಸಿಗೆ ಹೇಳಿ ಕಳುಹಿಸಲೆಂದು ನಾನು ಒಳಗೆ ಓಡುವಷ್ಟರಲ್ಲಿ ಎದುರು ಮನೆಯ ವೃದ್ಧರು ದೀಪ ಹಚ್ಚಿ ಹೊರಗೆ ಬಂದರು. ತಮ್ಮ ಕಾರಿನ ತಂತಿ ಕಿತ್ತು ಕೀಲಿ ತಿರುಗಿಸಿದರು. ಅದು ಮೊದಲ ಯತ್ನಕ್ಕೇ ಓಗೊಟ್ಟಿತು. ಬೆಳಗಾಗುವ ಹೊತ್ತಿಗೆ ಮಗು ಆಸ್ಪತ್ರೆಯಲ್ಲಿ ಚೇತರಿಸಿಕೊಂಡಿತ್ತು. ಹಿಂದಿರುಗುವಾಗ ಆ ಹಿರಿಯರು, “ಕುದುರೆಯನ್ನು ರಾತ್ರಿಯೆಲ್ಲ ಬಯಲಿನಲ್ಲಿ ಬಿಟ್ಟು ಬೆಳಿಗ್ಗೆ ಓಡು ಎಂದರೆ ಓಡೀತೇ?” ಎಂದಷ್ಟೇ ಕೇಳಿದರು. ಅವರು ಮೊದಲು ಬೇಸಾಯ ಮಾಡಿದವರು.

ಎಂಜಿನ್ನಿಗೆ ಆಗುವ ಕಷ್ಟ ಇಷ್ಟೇ. ಆ ಚಳಿಯಲ್ಲಿ ಅದರೊಳಗಿನ ಎಣ್ಣೆ ಜೋನಿಬೆಲ್ಲದಂತೆ ಗಟ್ಟಿಯಾಗುತ್ತದೆ. ಅದನ್ನು ಕದಲಿಸಲು ಹೆಚ್ಚು ಬಲ ಬೇಕು. ಬ್ಯಾಟರಿಯ ಬಲವಾದರೋ ಅದೇ ಹೊತ್ತಿಗೆ ಕುಗ್ಗಿರುತ್ತದೆ. ಪೆಟ್ರೋಲು ಕೂಡ ಸರಿಯಾಗಿ ಆವಿಯಾಗದು. ಇದಕ್ಕೆ ಪರಿಹಾರವೇ ಬ್ಲಾಕ್ ಹೀಟರ್. ನಾವು ಬಕೆಟ್ಟಿನ ನೀರಿಗೆ ಇಳಿಬಿಡುವ ಕಾಯಿಲಿನ ತಮ್ಮನೆನ್ನಬಹುದು. ಎಂಜಿನ್ನಿನ ಸುತ್ತ ಹರಿಯುವ ಕೂಲೆಂಟ್ ದ್ರವವನ್ನು ಅದು ಬೆಚ್ಚಗಿಡುತ್ತದೆ.

ಮುಂದಿನ ಶನಿವಾರ ಆ ಹಿರಿಯರ ಗ್ಯಾರೇಜಿನಲ್ಲಿ ನನ್ನ ಕಾರಿಗೆ ಉಪನಯನವಾಯಿತು. ಮೊದಲು ತಣ್ಣಗಿದ್ದ ಎಂಜಿನ್ನಿನಿಂದ ಕೂಲೆಂಟನ್ನು ಬಸಿದೆವು. ಎಂಜಿನ್ನಿನ ಪಕ್ಕದಲ್ಲಿ ನಾಣ್ಯದಂಥ ಲೋಹದ ಬಿರಡೆಗಳಿರುತ್ತವೆ. ಚಳಿಯಿಂದ ಎಂಜಿನ್ನು ಸೀಳದಿರಲೆಂದು ಅವನ್ನು ಇಟ್ಟಿದ್ದಾರೆಂಬ ನಂಬಿಕೆಯುಂಟು. ವಾಸ್ತವವಾಗಿ ಅವು ಎರಕ ಹೊಯ್ದಾಗ ಒಳಗಿನ ಮರಳನ್ನು ತೆಗೆಯಲು ಬಿಟ್ಟ ಕಂಡಿಗಳ ಮುಚ್ಚಳಗಳು. ಅವುಗಳಲ್ಲೊಂದರ ಅಂಚಿಗೆ ಹದವಾಗಿ ಪೆಟ್ಟುಕೊಟ್ಟು ಓರೆಮಾಡಿ, ಇಕ್ಕಳದಿಂದ ಎಳೆದರು. ಕಂಡಿಯನ್ನು ಒರೆಸಿ, ರಬ್ಬರಿನ ಉಂಗುರಕ್ಕೆ ಗ್ರೀಸು ಸವರಿ, ಹೀಟರಿನ ಸುರುಳಿ ಒಳಗೋಡೆಗೆ ತಾಗದಂತೆ ತೂರಿಸಿ, ತಿರುಪು ಬಿಗಿದರು. ಮತ್ತೆ ಕೂಲೆಂಟ್ ತುಂಬಿ, ಒಳಗಿನ ಗಾಳಿಯನ್ನು ಹೊರಡಿಸಿ, ಸೋರಿಕೆಯಿಲ್ಲವೆಂದು ನೋಡಿಕೊಂಡೆವು. ದ್ರವವಿಲ್ಲದೆ ವಿದ್ಯುತ್ತು ಕೊಟ್ಟರೆ ಸುರುಳಿ ಸುಟ್ಟುಹೋಗುತ್ತದೆ. ನಮ್ಮ ಕಾಯಿಲಿನ ನಿಯಮವೇ! ಕೊನೆಗೆ ತಂತಿಯನ್ನು ಫ್ಯಾನಿಗೂ ಹೊಗೆಕೊಳವೆಗೂ ಸೋಕದಂತೆ ಕಟ್ಟಿ, ಮೂರು ಪಿನ್ನಿನ ತುದಿಯನ್ನು ಮೂತಿಯಿಂದ ಹೊರಕ್ಕೆ ಎಳೆದರು.

ಕೆಲಸ ಮುಗಿಸಿ ಕಾಫಿ ಕುಡಿಯುವಾಗ ಅವರು ಹಿಂದಿನ ಕಾಲದ ಮಾತು ತೆಗೆದರು. ಆಗ ರೈತರು ಸಂಜೆ ಎಂಜಿನ್ನಿನ ಎಣ್ಣೆ ಬಸಿದು ಒಲೆಯ ಬಳಿ ಇಡುತ್ತಿದ್ದರಂತೆ. ಕೆಲವರು ಬೆಳಿಗ್ಗೆ ಎಂಜಿನ್ನಿನ ಅಡಿಗೆ ಕೆಂಡದ ಬಾಣಲೆ ಸರಿಸುತ್ತಿದ್ದರಂತೆ. ವಿನಿಪೆಗ್ಗಿನ ದಕ್ಷಿಣಕ್ಕೆ, ಗಡಿಯಾಚೆ, ಉತ್ತರ ಡಕೋಟಾದ ಗ್ರ್ಯಾಂಡ್ ಫೋರ್ಕ್ಸ್ ಊರಿನ ಆಂಡ್ರೂ ಫ್ರೀಮನ್ ಎಂಬಾತ, ಎಂಜಿನ್ನಿನ ಒಂದು ಬೋಲ್ಟನ್ನೇ ಹೀಟರನ್ನಾಗಿಸಿ 1949ರಲ್ಲಿ ಪೇಟೆಂಟ್ ಪಡೆದ. ವಿದ್ಯುತ್ ಸಹಕಾರ ಸಂಘದಲ್ಲಿ ದುಡಿದವನಿಗೆ ಹೊಳೆಯಬೇಕಾದ ಉಪಾಯವೇ ಅದು.

ಕೆಂಡವೆಂದೊಡನೆ ನನಗೆ ನೆನಪಾದದ್ದು ನಮ್ಮ ಊರಿನ ಅಡುಗೆಮನೆ. ರಾತ್ರಿ ಎಲ್ಲರ ಊಟ ಮುಗಿದ ಮೇಲೆ ಅಮ್ಮ ಒಲೆಯ ಕೆಂಡಗಳನ್ನು ಒಟ್ಟುಗೂಡಿಸಿ ಬೂದಿ ಮುಚ್ಚುತ್ತಿದ್ದಳು. ಬೆಳಿಗ್ಗೆ ಬೂದಿ ಸರಿಸಿ ಊದಿದರೆ ಸಾಕು, ಬೆಂಕಿ ಸಿದ್ಧ. ತಾನು ಜ್ವರದಿಂದ ಮಲಗಿದ ದಿನವೂ ಚಿಕ್ಕಮ್ಮನನ್ನು ಕರೆದು, “ಕೆಂಡ ಮುಚ್ಚಿದೆಯೇನೇ?” ಎಂದು ಕೇಳದೆ ಕಣ್ಣು ಮುಚ್ಚುತ್ತಿರಲಿಲ್ಲ. ನಾಳೆಯ ಬೆಂಕಿಯನ್ನು ಇಂದೇ ಕಾಪಾಡಬೇಕೆಂಬುದು ಅವಳಿಗೆ ಗೊತ್ತಿತ್ತು. ಓದಿದ ಮಗನಿಗೆ ಅದು ತಿಳಿಯಲು ಏಳು ಸಮುದ್ರ ದಾಟಿ, ಒಂದು ರಾತ್ರಿ ಮಗುವಿನ ಉಸಿರಿಗೆ ಕಿವಿಗೊಟ್ಟು ನಡುಗಬೇಕಾಯಿತು.

ಆ ಮಗು ಈಗ ತಾನೇ ಕಾರು ನಡೆಸುತ್ತಾಳೆ. ಚಳಿಗಾಲದ ರಾತ್ರಿಗಳಲ್ಲಿ ದೀಪ ಆರಿಸುವ ಮುನ್ನ ನಾನು ಅವಳ ಕೋಣೆಯ ಬಾಗಿಲಲ್ಲಿ ನಿಂತು ಕೇಳುತ್ತೇನೆ: “ತಂತಿ ಸಿಕ್ಕಿಸಿದೆಯೇನಮ್ಮಾ?”